ಕ್ಯಾಪ್ ಹಲ್ಲಿನ ಟೇಪರ್: ನೇರ ಬರ್ ಮೇಲೋ, ಟೇಪರ್ ಬರ್ ಮೇಲೋ?

ಹಲಸಿನ ತೊಳೆ ಜಗಿಯುವಾಗ ಕಳಚಿ ಬಂದ ಕ್ಯಾಪನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಸಕಲೇಶಪುರದ ಕಡೆಯ ಹಿರಿಯರೊಬ್ಬರು ಹಾಸನದ ನನ್ನ ಕ್ಲಿನಿಕ್‌ಗೆ ಬಂದರು. ಕೂರಿಸಿ ಮೂರು ತಿಂಗಳೂ ತುಂಬಿರಲಿಲ್ಲ. "ಸಿಮೆಂಟ್ ಹಿಡಿದಿಲ್ಲವೇನೋ ಡಾಕ್ಟರೇ" ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಕಾರಣ ಹುಡುಕಿಕೊಟ್ಟರು. ಕೆಳದವಡೆಯ ಆ ಹಲ್ಲನ್ನು ನೋಡಿದೆ. ವರ್ಷಗಟ್ಟಲೆ ಎಲೆ ಅಡಿಕೆ ಅಗಿದು ಸವೆದ ಗಿಡ್ಡ ಹಲ್ಲು. ನಾನು ಕೊರೆದ ಮೇಲೆ ರಾಗಿ ರಾಶಿಯ ಹಾಗೆ ಮೇಲಕ್ಕೆ ಕಿರಿದಾಗಿ ನಿಂತಿತ್ತು. ತಪ್ಪು ಸಿಮೆಂಟಿನದಲ್ಲ, ನನ್ನ ಕೈಯದು. ಆಮೇಲೆ ಕಿತ್ತ ಹಲ್ಲುಗಳನ್ನು ಪ್ಲಾಸ್ಟರ್‌ನಲ್ಲಿ ನಿಲ್ಲಿಸಿ ಎರಡು ಬಗೆಯ ಬರ್‌ಗಳನ್ನು (ಹಲ್ಲು ಕೊರೆಯುವ ಮೊನೆಗಳನ್ನು) ಪಕ್ಕಪಕ್ಕದಲ್ಲೇ ಪರೀಕ್ಷಿಸಿದೆ.

ಕ್ಯಾಪಿಗಾಗಿ ಕೊರೆದ ಹಲ್ಲಿನ ಎದುರುಬದುರು ಗೋಡೆಗಳ ನಡುವೆ ಟೇಪರ್, ಅಂದರೆ ಮೇಲಕ್ಕೆ ಕಿರಿದಾಗುವ ಓರೆ, ಒಟ್ಟು 6 ಡಿಗ್ರಿ ಇರಬೇಕು ಎಂದು ಕಾಲೇಜಿನಲ್ಲಿ ಕಲಿತಿದ್ದೆವು. ಬಾಯಿಯೊಳಗೆ ಅದು ಸುಲಭಕ್ಕೆ ಸಿಗುವುದಿಲ್ಲ. 10ರಿಂದ 20 ಡಿಗ್ರಿಯನ್ನು ಒಪ್ಪಬಹುದು ಎಂಬ ಸಲಹೆ 2001ರಲ್ಲೇ ಬಂದಿದೆ. ಆದರೆ ಹಲ್ಲು ಗಿಡ್ಡವಾದಷ್ಟೂ ಈ ಸಡಿಲಿಕೆ ದುಬಾರಿಯಾಗುತ್ತದೆ. 4 ಮಿಲಿಮೀಟರ್ ಎತ್ತರದ ಗೋಡೆ 3 ಡಿಗ್ರಿ ವಾಲಿದರೆ ಅದರ ತುದಿ ಒಳಕ್ಕೆ ಸರಿಯುವುದು 0.2 ಮಿಲಿಮೀಟರ್, 10 ಡಿಗ್ರಿ ವಾಲಿದರೆ 0.7. ಸವೆದ ದವಡೆ ಹಲ್ಲಿನಲ್ಲಿ ಅಷ್ಟನ್ನು ಕಳೆದುಕೊಂಡರೆ ಕ್ಯಾಪಿಗೆ ಹಿಡಿದುಕೊಳ್ಳಲು ಏನು ಉಳಿಯುತ್ತದೆ?

ಮೊದಲು ನೇರ ಬರ್. ಇದಕ್ಕೆ ತನ್ನದೇ ಓರೆ ಇಲ್ಲ, ಆದ್ದರಿಂದ ಮಣಿಕಟ್ಟು ಬಾಗಿಸಿ ನಾವೇ ಓರೆ ಕೊಡಬೇಕು. ಕೆನ್ನೆಯ ಬದಿಯಲ್ಲಿ ಒಂದು ಕೋನ, ನಾಲಿಗೆಯ ಬದಿಯಲ್ಲಿ ಇನ್ನೊಂದು, ಹಿಂಬದಿಯಲ್ಲಿ ಕಣ್ಣಿಗೇ ಕಾಣದ ಮೂರನೆಯದು. ಪ್ಲಾಸ್ಟರ್‌ನ ಹಲ್ಲುಗಳಲ್ಲಿ ನನ್ನ ಕೈ ಪ್ರತಿ ಸಲವೂ ಹೆಚ್ಚೇ ವಾಲಿತು. ಅಂಡರ್‌ಕಟ್ (ಗೋಡೆ ಬುಡದಲ್ಲಿ ಒಳಸರಿದು ಕ್ಯಾಪ್ ಇಳಿಯದಂತಾಗುವುದು) ಆಗಿಬಿಟ್ಟೀತು ಎಂಬ ಭಯವೇ ಕೈಯನ್ನು ಒಳಕ್ಕೆ ಎಳೆಯುತ್ತದೆ. ಅಡಿಕೆಯಿಂದ ಬಾಯಿ ಬಿಗಿದು ಎರಡು ಬೆರಳೂ ತೂರದ ರೋಗಿಯಲ್ಲಂತೂ ಈ ಬರ್ ನನ್ನ ಕೈಗೆ ಒಗ್ಗಲೇ ಇಲ್ಲ.

ತುದಿ ದುಂಡಗಿರುವ ಟೇಪರ್ ಡೈಮಂಡ್ ಬರ್‌ನಲ್ಲಿ ಓರೆ ಬರ್‌ನ ಮೈಯಲ್ಲೇ ಇದೆ, ಪಕ್ಕಕ್ಕೆ ಸುಮಾರು 3 ಡಿಗ್ರಿ. ಕೈ ಮಾಡಬೇಕಾದದ್ದು ಒಂದೇ ಕೆಲಸ: ಕ್ಯಾಪ್ ಇಳಿಯುವ ದಾರಿಯನ್ನು ಮೊದಲೇ ನಿಶ್ಚಯಿಸಿ, ಬರ್‌ನ ನಡುದಂಡವನ್ನು ಆ ದಾರಿಗೆ ಸಮಾನಾಂತರವಾಗಿ ಹಿಡಿದು, ವಾಲಿಸದೆ ಹಲ್ಲಿನ ಸುತ್ತ ಸಾಗುವುದು. ದುಂಡು ತುದಿ ಬುಡದಲ್ಲಿ ಕ್ಯಾಪಿನ ಅಂಚು ಕೂರುವ ಬಾಗಿದ ಮೆಟ್ಟಿಲನ್ನೂ, ಅಂದರೆ ಚ್ಯಾಂಫರ್ ಅಂಚನ್ನೂ, ತಾನೇ ಬಿಟ್ಟುಹೋಗುತ್ತದೆ. ಕೆಳದವಡೆ ಹಲ್ಲುಗಳು ಹುಟ್ಟಿನಿಂದಲೇ ನಾಲಿಗೆಯ ಕಡೆಗೆ ವಾಲಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಆ ವಾಲಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ದಾರಿ ಹಾಕಿದರೆ ಟೇಪರ್ ಬರ್ ಕೂಡ ನಮ್ಮನ್ನು ಉಳಿಸುವುದಿಲ್ಲ. ಇಷ್ಟಾದರೂ ನನ್ನ ಮತ ಇದಕ್ಕೇ. ನೇರ ಬರ್ ಈಗ ನನ್ನ ಡಬ್ಬಿಯಲ್ಲಿ ಬೇರೆ ಕೆಲಸಗಳಿಗೆ ಮೀಸಲು.

ಕೊರೆದದ್ದನ್ನು ನೋಡುವ ಬಗೆಯೂ ಅಷ್ಟೇ ಮುಖ್ಯ. ಎರಡೂ ಕಣ್ಣು ತೆರೆದು ನೋಡುವುದು ಮೋಸ. ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. 30 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು 11 ಡಿಗ್ರಿಯಷ್ಟಾಗುತ್ತದೆ. ಎಡಗಣ್ಣು ಒಂದು ಗೋಡೆಯನ್ನೂ ಬಲಗಣ್ಣು ಇನ್ನೊಂದನ್ನೂ ಕಂಡು, ಬುಡದಲ್ಲಿ ಒಳಸರಿದು ಅಂಡರ್‌ಕಟ್ ಆದ ಗೋಡೆಯೂ ಸರಿಯಾಗಿದೆ ಎನಿಸುತ್ತದೆ. ಒಂದು ಕಣ್ಣು ಮುಚ್ಚಿ, ಕನ್ನಡಿಯನ್ನು ಅಲುಗಿಸದೆ, ಸುತ್ತಲಿನ ಅಂಚು ಪೂರ್ತಿ ಒಂದೇ ನೋಟಕ್ಕೆ ಕಾಣುತ್ತಿದೆಯೇ ಎಂದು ನೋಡುತ್ತೇನೆ. ಚಿಕ್ಕಮಗಳೂರಿನ ಸ್ನೇಹಿತರ ಕ್ಲಿನಿಕ್‌ನಲ್ಲಿ ಸ್ಕ್ಯಾನರನ್ನೂ ಬಳಸಿದೆ. ಅಂಡರ್‌ಕಟ್ ಇದ್ದಲ್ಲಿ ಪರದೆಯ ಮೇಲೆ ಬಣ್ಣ ಮೂಡಿತು, ಅದು ನಿಜವಾಗಿಯೂ ದೊಡ್ಡ ಸಹಾಯ. ಆದರೆ ಅತಿಯಾಗಿ ಓರೆಯಾದ ಹಲ್ಲಿನ ಬಗ್ಗೆ ಆ ಯಂತ್ರ ತಾನಾಗಿ ಏನನ್ನೂ ಹೇಳಲಿಲ್ಲ, ಮತ್ತು ನನ್ನ ತಪ್ಪು ಅದೇ ಆಗಿತ್ತು.

ಆ ಹಿರಿಯರ ಹಲ್ಲಿನಲ್ಲಿ ಗೋಡೆಗಳನ್ನು ಟೇಪರ್ ಬರ್‌ನಿಂದ ಆದಷ್ಟು ನೆಟ್ಟಗೆ ಮಾಡಿ, ಮುಂದಿನ ಮತ್ತು ಹಿಂದಿನ ಬದಿಯಲ್ಲಿ ಒಂದೊಂದು ತೋಡು (ಗ್ರೂವ್) ಕೊರೆದು ಹೊಸ ಅಳತೆ ತೆಗೆದೆ. ಲ್ಯಾಬಿನಿಂದ ಕ್ಯಾಪ್ ಬಂದ ದಿನ ಸಿಮೆಂಟ್ ಹಚ್ಚುವ ಮೊದಲೇ ಅದನ್ನು ಕೂರಿಸಿ, ಬೆರಳಿನಿಂದ ಕೆನ್ನೆಯ ಕಡೆಗೂ ನಾಲಿಗೆಯ ಕಡೆಗೂ ತಳ್ಳಿದೆ. ಕದಲಲಿಲ್ಲ. ನೆಟ್ಟಗೆ ಮೇಲಕ್ಕೆ ಎತ್ತಿದಾಗ ಮಾತ್ರ ಕೈಗೆ ಬಂತು.