ಎಚಿಂಗ್ ಗ್ರೌಂಡ್ ಉಂಡೆ: ಮೂರು ವರ್ಷ ಪ್ರಾಣಿಗಳ ರೋಮ ಗೀಚಿದ ಮೇಲೆ

ಎಚಿಂಗ್‌ನಲ್ಲಿ ತಾಮ್ರದ ತಗಡಿಗೆ ಬಳಿಯುವ ತಡೆಪದರವೇ ಗ್ರೌಂಡ್. ಸೂಜಿ ಅದನ್ನು ಗೀಚಿದಲ್ಲಿ ಮಾತ್ರ ದ್ರಾವಣ ತಾಮ್ರವನ್ನು ತಿಂದು ಗೆರೆ ಕೊರೆಯುತ್ತದೆ; ಆ ಗೆರೆಗೆ ಶಾಯಿ ತುಂಬಿ ಕಾಗದಕ್ಕೆ ಮುದ್ರಿಸುವುದು. ಜೇನುಮೇಣ ಎರಡು ಪಾಲು, ಅಸ್ಫಾಲ್ಟಮ್ (ಕಪ್ಪು ಡಾಂಬರಿನಂಥದ್ದು) ಎರಡು ಪಾಲು, ರಾಳ ಒಂದು ಪಾಲು. ಕರಗಿಸಿ ಉಂಡೆ ಕಟ್ಟಿದ ಈ ಕಪ್ಪು ಗ್ರೌಂಡನ್ನು ಬಳಸಿದ್ದು ಒಂದೇ ಕೆಲಸಕ್ಕೆ: 17ನೇ ಶತಮಾನದ ಡಚ್ ಪ್ರಾಣಿಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ನಕಲು ಮಾಡಿ ಕಲಿಯಲು. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಬೇಸಿಗೆಯ ಪಾಲು.

ಇಂಥ ಉಂಡೆಗೆ ಈಗಿರುವ 'ಹಾರ್ಡ್ ಗ್ರೌಂಡ್' ಎಂಬ ಹೆಸರಿಗೆ ಮೋಸಹೋಗಬೇಡಿ. ಆ ಕಾಲದ ಲೆಕ್ಕದಲ್ಲಿ ಇದು ಮೆತ್ತನೆಯದು. ಫ್ರೆಂಚ್ ಕಲಾವಿದ ಅಬ್ರಹಾಂ ಬೋಸ್ 1645ರಲ್ಲಿ ವಿವರಿಸಿದ 'ಗಟ್ಟಿ ವಾರ್ನಿಶ್' ಎಂಬ ಗ್ರೌಂಡ್ ಎಣ್ಣೆ, ರಾಳಗಳದ್ದು; ತಗಡಿನ ಮೇಲೆ ಬಳಿದು ಕಾಯಿಸಿ ಗಟ್ಟಿ ಮಾಡಬೇಕು. ಅದೇ ಕಾಲದ ಎಚಿಂಗ್ ಕಲಾವಿದ ಜಾಕ್ ಕಾಲೋನ ಉಬ್ಬಿ ಸಣ್ಣಗಾಗುವ ಶಿಸ್ತಿನ ಗೆರೆ ಮೂಡಿದ್ದು ಅಂಥದರ ಮೇಲೆ. ಮೇಣದ ಗ್ರೌಂಡಿನಲ್ಲಿ ಸೂಜಿ ಪೆನ್ಸಿಲಿನ ಹಾಗೆ ಎತ್ತೆತ್ತಲೋ ಓಡುತ್ತದೆ. ರೋಮಕ್ಕೆ ಬೇಕಾದದ್ದು ಈ ಓಟವೇ.

ತಗಡನ್ನು ಚಾಕ್ ಪುಡಿ, ಒಂದೆರಡು ಹನಿ ಅಮೋನಿಯ ಹಾಕಿ ಉಜ್ಜಿ. ನೀರು ಹನಿಗಟ್ಟದೆ ಹಾಳೆಯಂತೆ ಇಳಿದರೆ ಜಿಡ್ಡು ಹೋಗಿದೆ. ಉಂಡೆ ತಾಕಿಸಿದರೆ ಸಲೀಸಾಗಿ ಕರಗುವಷ್ಟು ಮಾತ್ರ ತಗಡು ಬಿಸಿಯಾಗಲಿ. ಹೊಗೆ ಎದ್ದಿತೋ, ಗ್ರೌಂಡ್ ಸುಟ್ಟಿತು. ಆಮೇಲೆ ಸೂಜಿ ಇಟ್ಟಲ್ಲೆಲ್ಲ ಚಕ್ಕೆ ಏಳುತ್ತದೆ. ಅಳಿಸಿ ಮತ್ತೆ ಬಳಿಯುವುದೇ ದಾರಿ. ರೋಲರ್ ಎಳೆದ ಮೇಲೆ ಬಣ್ಣ ತೆಳು ಡಿಕಾಕ್ಷನ್‌ನಂತಿರಬೇಕು. ಕಪ್ಪಾಗಿ ಕಂಡರೆ ದಪ್ಪವಾಯಿತು.

ನಿಜವಾದ ಪರೀಕ್ಷೆ ಡಚ್ ಕಲಾವಿದ ಪಾಲಸ್ ಪಾಟರನ 1650ರ ಎಂಟು ತಗಡುಗಳ ದನದ ಸರಣಿ. ಬೆಳಕು ಬಿದ್ದ ಬೆನ್ನನ್ನು ಬರಿ ಕಾಗದವಾಗಿಯೇ ಬಿಟ್ಟು, ಮೈ ತಿರುಗಿದತ್ತ ಗಿಡ್ಡ ಗೆರೆ ಎಳೆಯುತ್ತಾನೆ. ಅಲ್ಲಿಯವರೆಗೆ ಗ್ರೌಂಡ್ ಚೆನ್ನಾಗಿ ನಿಲ್ಲುತ್ತದೆ. ಹೊಟ್ಟೆಯ ಕೆಳಗಿನ ನೆರಳಿಗೆ ಗೆರೆಯ ಮೇಲೆ ಗೆರೆ ಹಾಯಿಸಿದಾಗ ತೊಂದರೆ ಶುರು. ನಾಲ್ಕು ಗೆರೆಗಳ ನಡುವೆ ಉಳಿದ ಚುಕ್ಕಿಯಷ್ಟು ಮೇಣಕ್ಕೆ ಹಿಡಿತ ಕಡಿಮೆ. ದ್ರಾವಣಕ್ಕೆ ಇಳಿಸಿದಾಗ ಕಿತ್ತು ಬರುತ್ತದೆ, ಮುದ್ರಿಸಿದರೆ ನೆರಳಿನ ಬದಲು ಬೂದು ಮಚ್ಚೆ. ಮೊದಲ ಸಲ ಒಂದೇ ದಿಕ್ಕಿನ ಗೆರೆಗಳನ್ನು ತಿನ್ನಿಸಿ, ತೊಳೆದು, ಹೊಸ ಗ್ರೌಂಡ್ ಬಳಿದು ಅಡ್ಡಗೆರೆ ಹಾಕಿದರೆ ಈ ಕಾಟವಿಲ್ಲ. ದುಪ್ಪಟ್ಟು ಕೆಲಸ, ನಿಜ.

ರೆಂಬ್ರಾಂಟನ 1643ರ ಹಂದಿಗೆ ಬೇರೆ ಉಪಾಯ. ಕಾಲು ಕಟ್ಟಿ ಕೆಡವಿದ ಪ್ರಾಣಿ ಮುಂದೆ ಕಡುಕಪ್ಪಾಗಿ ಬಿದ್ದಿದೆ, ಹಿಂದಿನ ಜನ ಬರಿ ತೆಳುಗೆರೆ. ತಾಮ್ರ ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ (ಸಾಂದ್ರತೆ 40 ಬೋಮೆ) 10 ನಿಮಿಷಕ್ಕೆ ತಗಡು ತೆಗೆದು, ಜನರ ಗೆರೆ ಇನ್ನು ಆಳವಾಗದಂತೆ ಅವುಗಳ ಮೇಲೆ ವಾರ್ನಿಶ್ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಹಂದಿಯನ್ನು ಇನ್ನೂ 30 ನಿಮಿಷ ಬಿಡುವುದು ಆರಂಭಕ್ಕೆ ಸರಿ. ದ್ರಾವಣದ ಬಿಸಿ, ಹಳತನ ನೋಡಿಕೊಂಡು ಚೂರುತಗಡಿನಲ್ಲಿ ಹೊಂದಿಸಿಕೊಳ್ಳಿ. ತಗಡನ್ನು ಮುಖ ಕೆಳಗೆ ಮಾಡಿ ಅಥವಾ ನಿಲ್ಲಿಸಿ ಇಡಿ. ಮಲಗಿಸಿದರೆ ಗಷ್ಟು ಗೆರೆಯೊಳಗೇ ಕೂತು ದ್ರಾವಣವನ್ನು ತಡೆಯುತ್ತದೆ.

ಬೇಸಿಗೆಯಲ್ಲಿ ಗ್ರೌಂಡ್ ಅಂಟಂಟಾಗಿ ಅಂಗೈ ಗುರುತು ಮೂಡುತ್ತದೆ. ಕೈ ಕೆಳಗೆ ಮರದ ಪಟ್ಟಿಯನ್ನು ಸೇತುವೆಯಂತೆ ಇಟ್ಟುಕೊಳ್ಳಿ. ರಾಳ ಹೆಚ್ಚಿಸಿದರೆ ಅಂಟು ಹೋಗುತ್ತದೆ, ಆದರೆ ಚಕ್ಕೆ ಏಳುವ ಚಾಳಿ ವಾಪಸ್ಸು.

ಚಿತ್ರ ಇಳಿಸಲು ಮಾತ್ರ ಇದರಷ್ಟು ಒಳ್ಳೆಯದಿಲ್ಲ. ಪೆನ್ಸಿಲಿನ ಚಿತ್ರವನ್ನು ಒದ್ದೆ ಮಾಡಿ, ಮುಖ ಕೆಳಗಾಗಿಸಿ ಮೆಲ್ಲಗೆ ಪ್ರೆಸ್ಸಿನಲ್ಲಿ ಹಾಯಿಸಿದರೆ ಬೆಳ್ಳಿಬಣ್ಣದ ಗೆರೆ ಮೂಡುತ್ತದೆ, ತಿರುಗುಮುರುಗಾಗಿ. ಮುದ್ರಿಸಿದಾಗ ಮತ್ತೆ ನೇರವಾಗುತ್ತದೆ. ರೆಂಬ್ರಾಂಟ್ 1650ರ ಶಂಖದ ಚಿಪ್ಪಿನ ಚಿತ್ರಕ್ಕೆ ಈ ಗೋಜಿಗೆ ಹೋಗಲಿಲ್ಲ: ಸಹಿಯನ್ನು ತಿರುಗಿಸಿ ಬರೆದ, ಚಿಪ್ಪನ್ನು ಕಂಡಂತೆಯೇ ಗೀಚಿದ. ಮುದ್ರಣದಲ್ಲಿ ಸಹಿ ಸರಿಯಿದೆ, ಸುರುಳಿ ಉಲ್ಟಾ.