ಅಬ್ಸಿಡಿಯನ್ ಅಥವಾ ಜಾಪ್ಲಿನ್: ಟಿಪ್ಪಣಿಗೆ ಯಾವುದು?

ಅಬ್ಸಿಡಿಯನ್, ಜಾಪ್ಲಿನ್ ಎರಡೂ ಟಿಪ್ಪಣಿ ಬರೆಯುವ ಆ್ಯಪ್‌ಗಳು. ಎರಡರಲ್ಲೂ ಬರೆಯುವುದು ಮಾರ್ಕ್‌ಡೌನ್‌ನಲ್ಲೇ, ಅಂದರೆ ತಲೆಬರಹ, ಪಟ್ಟಿಗಳನ್ನು #, * ನಂಥ ಚಿಹ್ನೆಗಳಿಂದ ಗುರುತಿಸುವ ಸರಳ ಪಠ್ಯದಲ್ಲಿ. ಬರೆದದ್ದು ಎಲ್ಲಿ ಕೂರುತ್ತದೆ ಎಂಬುದರಲ್ಲಿ ವ್ಯತ್ಯಾಸ. ಅಬ್ಸಿಡಿಯನ್‌ನಲ್ಲಿ ಒಂದು ಟಿಪ್ಪಣಿ ಎಂದರೆ ಫೋಲ್ಡರಿನಲ್ಲಿ ಒಂದು ಎಂಡಿ (.md, ಮಾರ್ಕ್‌ಡೌನ್) ಫೈಲು. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಫೈಲಿನ ಹಳೆಯ ಆವೃತ್ತಿಗಳನ್ನೂ ಉಳಿಸಿಡುವ ಗಿಟ್‌ಗೂ ಹಾಕಬಹುದು. ಜಾಪ್ಲಿನ್ ಎಲ್ಲ ಟಿಪ್ಪಣಿಗಳನ್ನೂ ಎಸ್‌ಕ್ಯೂಲೈಟ್ ಎಂಬ ಬಗೆಯ ಒಂದೇ ಡೇಟಾಬೇಸ್ ಫೈಲಿಗೆ ತುಂಬುತ್ತದೆ. ಹೊರತೆಗೆಯಲು ಎಕ್ಸ್‌ಪೋರ್ಟ್ ಮಾಡಬೇಕು.

ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅವೇ ಟಿಪ್ಪಣಿ ಇರುವಂತೆ ಹೊಂದಿಸುವ (ಸಿಂಕ್) ವಿಷಯಕ್ಕೆ ಬಂದರೆ ಜಾಪ್ಲಿನ್ನೇ ವಾಸಿ. ಸೆಟ್ಟಿಂಗ್ಸ್‌ನ ಸಿಂಕ್ರನೈಸೇಶನ್‌ನಲ್ಲಿ ಡ್ರಾಪ್‌ಬಾಕ್ಸ್ ಆರಿಸಿ ಲಾಗಿನ್ ಆದರೆ ಆಯಿತು; ಎನ್‌ಕ್ರಿಪ್ಶನ್ನೂ ಪುಕ್ಕಟೆ. ಅಬ್ಸಿಡಿಯನ್‌ನ ಸ್ವಂತ ಸಿಂಕ್‌ಗೆ ದುಡ್ಡು ಕೊಡಬೇಕು. ಬೇಡವೆಂದರೆ ಆಂಡ್ರಾಯ್ಡ್‌ನಲ್ಲಿ ಸಾಧನಗಳ ನಡುವೆ ಫೋಲ್ಡರನ್ನು ಸಿಂಕ್ ಮಾಡುವ ಸಿಂಕ್‌ಥಿಂಗ್‌ನಂಥ ಆ್ಯಪ್ ಬೇಕು. ಒಂದೇ ಫೋಲ್ಡರಿಗೆ ಎರಡೆರಡು ಸಿಂಕ್ ಮಾತ್ರ ಜೋಡಿಸಬೇಡಿ, ನಕಲು ಫೈಲುಗಳು ಹುಟ್ಟಿಕೊಳ್ಳುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಿರಿಕಿರಿ ಇದೆ. ಅಬ್ಸಿಡಿಯನ್‌ನಲ್ಲಿ ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಹೋಗಲು ಫೈಲಿನ ಹೆಸರೇ ಕೊಂಡಿ (ಲಿಂಕ್). ‘ನೋಟ್’ ಎಂಬಂಥ ಪದದ ಕೊನೆಗೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್‌ಜಾಯಿನರ್ (ಮುಂದಿನ ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಅಂಟಿಕೊಂಡಿದ್ದರೆ, ನೋಡಲು ಒಂದೇ ಹೆಸರಾದರೂ ಫೈಲು ಬೇರೆ. ಕೊಂಡಿ ಒತ್ತಿದಾಗ ಖಾಲಿ ಪುಟ ತೆರೆಯುತ್ತದೆ. (ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ಒತ್ತಿ ಹುಡುಕಬೇಕು!) ಜಾಪ್ಲಿನ್‌ನ ಕೊಂಡಿ ಟಿಪ್ಪಣಿಯ 32 ಅಕ್ಷರಗಳ ಐಡಿ ಮೇಲೆ ನಿಂತಿರುವುದರಿಂದ ಹೆಸರು ಹೇಗಿದ್ದರೂ ತಪ್ಪದು.

ಮಾರ್ಕ್‌ಡೌನ್ ಫೈಲುಗಳಿಂದ ಜಾಲತಾಣ ಕಟ್ಟುವ ಹ್ಯೂಗೋದಲ್ಲಿ ಬ್ಲಾಗ್ ನಡೆಸುವವರಾದರೆ ಅಬ್ಸಿಡಿಯನ್ನೇ ಸರಿ: ಕಂಟೆಂಟ್ ಫೋಲ್ಡರನ್ನೇ ವಾಲ್ಟ್ (ಅಬ್ಸಿಡಿಯನ್‌ನ ಟಿಪ್ಪಣಿ ಫೋಲ್ಡರ್) ಆಗಿ ತೆರೆದು, ಬರೆದ ಫೈಲನ್ನು ಎಕ್ಸ್‌ಪೋರ್ಟ್ ಮಾಡದೆಯೇ ಪ್ರಕಟಿಸಬಹುದು.