ಮಲೆನಾಡಲ್ಲಿ ಹಳೇ ಫಿಯಟ್: 1966ರ 1100 ಡಿಲೈಟ್, ಹಲವು ಮಳೆಗಾಲ ಕಳೆದ ಮೇಲೆ

ಇಂಜಿನ್‌ಗೆ ಐದಕ್ಕೆ ನಾಲ್ಕೂವರೆ. ಗೇರಿಗೆ ಮೂರು. ಬ್ರೇಕಿಗೆ ಎರಡು. ತಗಡಿಗೆ ಒಂದು, ಅದೂ ದಾಕ್ಷಿಣ್ಯಕ್ಕೆ.

ಹತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಕಾರನ್ನು ಆಲ್ದೂರು ಹತ್ತಿರದ ನಮ್ಮ ತೋಟದಲ್ಲಿ ಇಟ್ಟುಕೊಂಡು, ಬಿಚ್ಚಿ, ಜೋಡಿಸಿ, ಓಡಿಸಿದ ಮೇಲೆ ಕೊಡುತ್ತಿರುವ ಮಾರ್ಕು ಇದು. ಹೊಸ ಕಾರಿನ ಬಗ್ಗೆ ಬರೆಯುವವರು ಮೈಲೇಜು, ಪಿಕಪ್ಪು, ಸೀಟು ಅಂತ ಶುರು ಮಾಡುತ್ತಾರೆ. ಹಳೇ ಕಾರಿಗೆ ಅದೆಲ್ಲ ಆಮೇಲೆ. ಚಿಕ್ಕಮಗಳೂರಿನ ಮಳೆ ಸೀಮೆಯಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಎಲ್ಲಿ ಇಡುತ್ತೀರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಕಾರು ಕೊಳ್ಳಬೇಡಿ. ದುಡ್ಡಿದ್ದರೆ ಮೊದಲು ಶೆಡ್ ಕಟ್ಟಿಸಿ.

ಕಾರಿನ ಪರಿಚಯ ಚಿಕ್ಕದಾಗಿ ಮುಗಿಸುತ್ತೇನೆ. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು 1964ರಿಂದ ಫಿಯಟ್ 1100ಡಿ ಮಾಡುತ್ತಿದ್ದರು, ಡಿಲೈಟ್ ಅನ್ನೋ ಹೆಸರಲ್ಲಿ. 1972ರಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಪದ್ಮಿನಿ ಆಯಿತು. ನಮ್ಮ ಕಡೆ ಮೂರನ್ನೂ 'ಫಿಯಟ್' ಅಂತಲೇ ಕರೆಯುತ್ತಾರೆ. 1089 ಸಿಸಿ ಪೆಟ್ರೋಲ್ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನನ್ನ ಕಾರಿಗೆ ಇನ್ನೂ ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಇದೆ. ಪೇಟೆಯಲ್ಲಿ ನಿಲ್ಲಿಸಿದರೆ ಜನ ಕಾರಿಗಿಂತ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಾರೆ.

ತೋಟದವರು ಸಾಮಾನ್ಯವಾಗಿ ಹಳೇ ಜೀಪು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಮೇಲಿನ ತಗಡು ತುಕ್ಕು ಹಿಡಿದರೆ ಬಿಚ್ಚಿ ಬಿಸಾಕಿ ಇನ್ನೊಂದು ಕೂರಿಸಬಹುದು. ಫಿಯಟ್‌ಗೆ ಹಾಗೆ ಚಾಸಿಯೇ ಇಲ್ಲ. ಬಾಡಿಯೇ ಚಾಸಿ. ಫ್ಲೋರು, ಬಾಗಿಲ ಕೆಳಗಿನ ಸಿಲ್, ಜಾಕಿ ಕೊಡುವ ಜಾಗ, ಇವೇ ಗಾಡಿಯ ಭಾರ ಹೊರುತ್ತವೆ. ಅಲ್ಲಿ ತುಕ್ಕು ಹಿಡಿದರೆ ನೋಡೋಕೆ ಕೆಟ್ಟದಾಯಿತು ಅಂತ ಅಲ್ಲ, ಕಾರಿನ ನಡುವೇ ಮುರಿಯಿತು ಅಂತ. ನಾಲ್ಕು ಬಾಗಿಲನ್ನೂ ತೆರೆದು ಮುಚ್ಚಿ ನೋಡಿ. ಒಂದು ಬಾಗಿಲನ್ನು ಎತ್ತಿ ಮುಚ್ಚಬೇಕಾಗಿ ಬಂದರೆ ಕೆಳಗೆ ಸಿಲ್ ಹೋಗಿದೆ ಅನ್ನೋ ಅನುಮಾನ ಇಟ್ಟುಕೊಳ್ಳಿ.

ಹಾಸನದಲ್ಲಿ ಒಬ್ಬರು ಹಿರಿಯ ಮೇಸ್ತ್ರಿ ನಾನು ಕಾರು ಹುಡುಕುತ್ತಿದ್ದಾಗಲೇ ಹೇಳಿದ್ದರು: "ಅಣ್ಣ, ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ತಾರೆ, ಅದನ್ನ ಕೇಳಿ ಖುಷಿ ಪಡಬೇಡಿ. ಡಿಕ್ಕಿ ಮ್ಯಾಟ್ ಎತ್ತಿ, ಸ್ಟೆಪ್ನಿ ಗುಂಡಿ ನೋಡಿ. ಇಂಜಿನ್ ನಾನು ಮಾಡಿಕೊಡ್ತೀನಿ, ತಗಡು ಯಾರು ಕೊಡ್ತಾರೆ?" ಅವರ ಇನ್ನೊಂದು ಮಾತು ಕೂಡ ಬೆಲೆ ಬಾಳುವಂಥದ್ದು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಬೆಳೆದ ಕಾರು ಬೇಡ, ಅರಸೀಕೆರೆ, ಕಡೂರು, ಬೀರೂರಿನ ಕಾರು ಹುಡುಕಿ ಅಂದರು. ಅವೇ ಹಾಸನ, ಚಿಕ್ಕಮಗಳೂರು ಜಿಲ್ಲೆ ಆದರೂ ಆ ಕಡೆ ತೆಂಗಿನ ಸೀಮೆ, ಒಣ ಗಾಳಿ. ಐವತ್ತು ವರ್ಷ ಬರೀ ಚಪ್ಪರದ ಕೆಳಗೆ ನಿಂತ ಕಾರಿನ ಫ್ಲೋರು ಕೂಡ ಗಟ್ಟಿಯಾಗಿರುತ್ತದೆ. ಬಣ್ಣ ಬಿಸಿಲಿಗೆ ಸತ್ತಿರುತ್ತದೆ, ಅಷ್ಟೇ. ನನ್ನದು ಅರಸೀಕೆರೆ ಕಡೆಯಿಂದಲೇ ಬಂದದ್ದು. ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ಪುಟ್ಟಿ ತುಂಬಿಸಿದ ಕಡೆ ಅದು ಅಂಟುವುದಿಲ್ಲ. ಮಾಲೀಕರ ಮುಖ ನೋಡಬೇಕು ಆಗ.

ಈಗ ಶೆಡ್ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕಾರು ಉಳಿಯುವುದೂ ಹಾಳಾಗುವುದೂ ಇಲ್ಲೇ.

ತೋಟದ ಮನೆಗಳಲ್ಲಿ ಗೋಡೌನಿಗೆ ಬರ ಇಲ್ಲ. ಆದರೆ ಅದೇ ಗೋಡೌನಲ್ಲಿ ಯೂರಿಯಾ, ಪೊಟ್ಯಾಷ್ ಚೀಲ ಇರುತ್ತವೆ. ಮೂಲೆಯಲ್ಲಿ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯಲು ತಂದ ಮೈಲುತುತ್ತ. ಇವೆಲ್ಲ ತೇವ ಸೇರಿದರೆ ಕಬ್ಬಿಣ ತಿನ್ನುವ ಸಾಮಾನುಗಳು. ಗೊಬ್ಬರದ ಚೀಲ ಇಟ್ಟ ಜಾಗದಲ್ಲಿ ಬಾಗಿಲಿನ ಚಿಲಕ, ಕೀಲು ಏನಾಗಿದೆ ನೋಡಿ, ಗೊತ್ತಾಗುತ್ತದೆ. ಗೊಬ್ಬರ ಮತ್ತು ಹಳೇ ಕಾರು ಒಂದೇ ಸೂರಿನಡಿ ಇರಬಾರದು. ಇದಕ್ಕೆ ರಿಯಾಯಿತಿ ಇಲ್ಲ.

ನೆಲ ಎರಡನೆಯದು. ಮಣ್ಣಿನ ನೆಲದ ಮೇಲೆ ನಿಲ್ಲಿಸಿದರೆ ಮಳೆಗಾಲ ಪೂರ್ತಿ ಕೆಳಗಿಂದ ತೇವ ಏರುತ್ತಲೇ ಇರುತ್ತದೆ. ಸಿಮೆಂಟ್ ನೆಲವೂ ಬೆವರುತ್ತದೆ. ನಾವು ನೆಲ ಎತ್ತರಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕಿಸಿದೆವು. ಮೇಲೆ ಮಂಗಳೂರು ಹೆಂಚು. ತಗಡಿನ ಶೀಟು ಅಗ್ಗ, ಆದರೆ ಚಳಿ ರಾತ್ರಿ ಅದರ ಒಳಮೈಯಲ್ಲಿ ನೀರು ಕೂತು ಬೆಳಿಗ್ಗೆ ಕಾರಿನ ಮೇಲೆ ತೊಟ್ಟಿಕ್ಕುತ್ತದೆ. ಹೆಂಚು ಸ್ವಲ್ಪ ಉಸಿರಾಡುತ್ತದೆ. ಎದುರುಬದುರು ಗೋಡೆಯಲ್ಲಿ ಜಾಲಿ ಬಿಡಿಸಿದ್ದೇವೆ. ಗಾಳಿ ಬರಬೇಕು, ಎರಚಲು ಬರಬಾರದು. ಗಾರೆಯವರಿಗೆ ಇದನ್ನು ಅರ್ಥ ಮಾಡಿಸೋದೇ ದೊಡ್ಡ ಕೆಲಸ.

ಕವರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗೆ ನಿಲ್ಲಿಸುವ ಕಾರಿಗೆಂದು ಮಾರುವ ವಾಟರ್‌ಪ್ರೂಫ್ ಕವರ್ ಶೆಡ್ಡಿನೊಳಗೆ ಹಾಕಲೇಬೇಡಿ. ಒಳಗಿನ ತೇವ ಹೊರಗೆ ಹೋಗದೆ ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ಹಳೇ ಕಾಟನ್ ಬೆಡ್‌ಶೀಟು ಸಾಕು. ಗಾಜನ್ನು ಒಂದು ಬೆರಳಷ್ಟು ಇಳಿಸಿಡಿ, ಇಲ್ಲದಿದ್ದರೆ ರೆಕ್ಸಿನ್ ಸೀಟಿನ ಮೇಲೆ ಬೂಷ್ಟು ಗ್ಯಾರಂಟಿ. ಇಲಿ ಇನ್ನೊಂದು ಕಾಟ. ಬಾನೆಟ್ ಒಳಗೆ ಹೊಗೆಸೊಪ್ಪು ಇಡುವವರು ಇದ್ದಾರೆ, ಕರ್ಪೂರ ಇಡುವವರೂ ಇದ್ದಾರೆ. ನಮ್ಮ ಇಲಿಗಳು ಎರಡಕ್ಕೂ ಹೆದರಲಿಲ್ಲ. ಬೆಕ್ಕಿಗೆ ಹೆದರಿದವು.

ಮಳೆ ಹಿಡಿಯುವ ಮುಂಚೆ ಗಾಡಿಯನ್ನು ಹೇಗೆ ನಿಲ್ಲಿಸಬೇಕು ಅನ್ನೋದಕ್ಕೂ ಒಂದು ಕ್ರಮ ಇದೆ. ನಾಲ್ಕೂ ಚಕ್ರ ನೆಲ ಮುಟ್ಟದಂತೆ ಸ್ಟ್ಯಾಂಡ್ ಕೊಡುತ್ತೇನೆ. ಇಲ್ಲದಿದ್ದರೆ ಟೈರು ಕೂತ ಕಡೆ ಚಪ್ಪಟೆಯಾಗಿ ಅಕ್ಟೋಬರ್‌ನಲ್ಲಿ ಇಡೀ ಕಾರು ಕುಣಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಪೆಡಲನ್ನು ಒತ್ತಿ ಒಂದು ಮರದ ತುಂಡು ಕೊಟ್ಟು ನಿಲ್ಲಿಸುತ್ತೇನೆ. ಹೀಗೆ ಮಾಡದಿದ್ದರೆ ತೇವಕ್ಕೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡು, ಬಿಡಿಸಲು ಗೇರ್‌ಬಾಕ್ಸ್ ಇಳಿಸುವ ಗತಿ ಬರಬಹುದು. ಬ್ಯಾಟರಿ ಬಿಚ್ಚಿ ಮನೆಯೊಳಗೆ. ಇಂಜಿನ್ ಆಯಿಲ್ ಹೊಸದು ಹಾಕಿಯೇ ನಿಲ್ಲಿಸಬೇಕು, ಹಳೇ ಆಯಿಲಿನಲ್ಲಿ ಹುಳಿ, ಅಂದರೆ ಆಸಿಡ್, ಸೇರಿರುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ ಅಂತ ಸಲಹೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ಕೇಳಬೇಡಿ. ಐದು ನಿಮಿಷಕ್ಕೆ ಇಂಜಿನ್ ಸರಿಯಾಗಿ ಬಿಸಿ ಆಗುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರು ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ಉಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಸುಮ್ನೆ ಬಿಡಿ.

ಪೆಟ್ರೋಲ್ ಈಗ ಹೊಸ ತಲೆನೋವು. 2023ರಿಂದ ಬಂಕುಗಳಿಗೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿತು, ಈಗ ಎಲ್ಲ ಕಡೆ ಅದೇ. ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ. 1966ರಲ್ಲಿ ಈ ಕಾರು ಮಾಡಿದವರ ಕನಸಿನಲ್ಲೂ ಇದು ಇರಲಿಲ್ಲ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿದೆ. ಪಂಪಿನ ಡಯಾಫ್ರಮ್ ಕೂಡ ಬದಲಾಯಿತು. ಮಳೆಗಾಲಕ್ಕೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಸ್ವಲ್ಪ ಟೂಟಿ ಆಯಿಲ್ ಸುರಿದು ಅಲ್ಲಾಡಿಸಿ ಬಿಡುತ್ತೇನೆ. ಕಾರ್ಬುರೇಟರೂ ಒಣಗಬೇಕು. ಎಥನಾಲ್ ಇಲ್ಲದ ಎಕ್ಸ್‌ಪಿ100 ದೊಡ್ಡ ಊರುಗಳ ಕೆಲವು ಬಂಕಿನಲ್ಲಿ ಸಿಗುತ್ತದೆ. ಬೆಂಗಳೂರಿಗೆ ಹೋದಾಗ ಹಾಕಿಸುವುದುಂಟು. ಅದರ 100 ಆಕ್ಟೇನ್ ಈ ಇಂಜಿನ್‌ಗೆ ಬೇಕಾಗಿಲ್ಲ, ಎಥನಾಲ್ ಇಲ್ಲ ಅನ್ನೋದಕ್ಕೆ ಅಷ್ಟೇ ದುಡ್ಡು. ರೇಟು ನೋಡಿದರೆ ಎದೆ ಝಲ್ ಅನ್ನುತ್ತದೆ, ಅದು ಬೇರೆ ಮಾತು.

ಓಡಿಸುವ ಸುಖ ಹೇಗೆ? ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬೆಳಗಿನ ಹೊತ್ತು ಹೋಗಿ ಬರಲು ಇದಕ್ಕಿಂತ ಒಳ್ಳೆ ಗಾಡಿ ನಾನು ಓಡಿಸಿಲ್ಲ. ಐವತ್ತು ಅರವತ್ತರ ವೇಗದಲ್ಲಿ ಇಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುತ್ತದೆ. ಲೀಟರಿಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಗೇರು ಲಿವರಿನ ಬುಷ್ ಸವೆದರೆ ಮೂರು ಹುಡುಕಲು ಹೋಗಿ ಒಂದು ಸಿಗುತ್ತದೆ, ಹಾಗಾಗಿ ಬುಷ್ ಮೇಲೆ ಕಣ್ಣಿಡಿ. ಓಡುವಾಗ ಒಂದನೇ ಗೇರಿಗೆ ಇಳಿಸಲು ಹೋದರೆ ಕರಕರ ಅನ್ನುತ್ತದೆ, ಏರಿನಲ್ಲಿ ಎರಡರಲ್ಲೇ ನಿಭಾಯಿಸುವುದು ಕಲಿಯಬೇಕು. ಮುಳ್ಳಯ್ಯನಗಿರಿಗೂ ಹೋಗಿದ್ದೇನೆ. 1930 ಮೀಟರ್ ಎತ್ತರದ ಬೆಟ್ಟ, ರಸ್ತೆ ಕಿರಿದು, ಎದುರಿಂದ ಜೀಪುಗಳು. ಕೈಮರ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರುತ್ತಲೇ ಹೋಗುತ್ತದೆ. ಬಿಸಿಲಲ್ಲಿ ನಿಂತರೆ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಇಂಜಿನ್ ಸತ್ತುಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಬೇಕು. ಹಿಂದಿನವರ ಟೂರಿಸ್ಟ್ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ, ಹೊಡೆಯಲಿ.

ಇಳಿಜಾರು ಮಾತ್ರ ಭಯ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟ್ ಇಳಿಯುವಾಗ ಡ್ರಮ್ ಬಿಸಿಯಾಗಿ ಬ್ರೇಕ್ ಹಿಡಿಯುವುದೇ ಕಡಿಮೆಯಾಗುತ್ತದೆ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಎಳೆದುಕೊಳ್ಳುವ ಜಾತಿ, ಪ್ರತಿ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಾಯಿಸುತ್ತೇನೆ. ಇಲ್ಲದಿದ್ದರೆ ವೀಲ್ ಸಿಲಿಂಡರ್ ಒಳಗೇ ತುಕ್ಕು. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ತಪ್ಪದೆ ನೋಡಿ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರದೇ 'ಪಯಣ' ಕಾರು ಮ್ಯೂಸಿಯಂ ಬೇರೆ ಇದೆ. ನಾನು ಅಂಥ ಕಡೆ ಕಾರಿಗಿಂತ ನೆಲ, ಕಿಟಕಿ, ಗಾಳಿ ನೋಡುತ್ತಾ ನಿಲ್ಲುತ್ತೇನೆ. ಮನೆಯವರಿಗೆ ನಾಚಿಕೆ.

ಬಿಡಿಭಾಗ ಅಂದುಕೊಂಡಷ್ಟು ಕಷ್ಟವಲ್ಲ. ಪದ್ಮಿನಿ 2000ದ ಆಸುಪಾಸಿನವರೆಗೆ ತಯಾರಾಯಿತು, ಅದರ ಇಂಜಿನ್, ಬ್ರೇಕು, ಸಸ್ಪೆನ್ಷನ್ ಸಾಮಾನು ಬಹಳಷ್ಟು ಡಿಲೈಟಿಗೆ ಹೊಂದುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್, ರಿಂಗು, ಬೇರಿಂಗು, ಪಾಯಿಂಟು, ಕಂಡೆನ್ಸರ್ ಈಗಲೂ ಕೇಳಿದರೆ ಸಿಗುತ್ತವೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಗಡುವು ಮುಗಿಯಿತು. ಟ್ಯಾಕ್ಸಿ ಇರುವವರೆಗೆ ಸಾಮಾನು ಮಾಡುವವರೂ ಇದ್ದರು. ಇನ್ನು ಮುಂದೆ ಹೊಸ ಮಾಲು ಕಡಿಮೆಯಾಗುತ್ತದೆ ಅನ್ನೋದು ನನ್ನ ಲೆಕ್ಕ, ಅದಕ್ಕೇ ರಬ್ಬರ್ ಬಿಟ್ಟು ಉಳಿದದ್ದನ್ನು ಈಗಲೇ ತಂದಿಟ್ಟುಕೊಳ್ಳುತ್ತಿದ್ದೇನೆ. ರಬ್ಬರ್ ಕಪಾಟಿನಲ್ಲೇ ಮುದಿಯಾಗುತ್ತದೆ. ಕಷ್ಟ ಇರುವುದು ಡಿಲೈಟಿಗೇ ಸೇರಿದ ಅಲಂಕಾರದ ಸಾಮಾನಿಗೆ. ಗ್ರಿಲ್ಲು, ಬೀಡಿಂಗು, ಲೈಟಿನ ರಿಂಗು. ಕಾರು ಕೊಳ್ಳುವಾಗ ಇವು ಮೈಮೇಲೇ ಇರಬೇಕು.

ಟಿಂಕರಿಂಗ್, ಪೇಂಟಿಂಗ್‌ಗೆ ಕಾರಿನ ಬೆಲೆಗಿಂತ ಜಾಸ್ತಿ ಹೋಯಿತು. ಮೊದಲು ದೊಡ್ಡ ಊರಿನ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಅಡ್ವಾನ್ಸ್ ತೆಗೆದುಕೊಂಡು, ಬಣ್ಣ ಕೆರೆದು, ಬರೀ ತಗಡನ್ನು ಬಯಲಲ್ಲಿ ಬಿಟ್ಟಿದ್ದರು. ಪ್ರೈಮರ್ ಕೂಡ ಇಲ್ಲ. ಲಾರಿಯಲ್ಲಿ ಹೇರಿಕೊಂಡು ವಾಪಸ್ ತಂದು, ಹಾಸನದ ಮೇಸ್ತ್ರಿಯ ಕೈಯಲ್ಲೇ ಸಿಲ್, ಫ್ಲೋರು ಕತ್ತರಿಸಿ ಹೊಸ ಶೀಟು ಕೂರಿಸಿದ್ದಾಯಿತು. ತುಕ್ಕಿನ ಮೇಲೆ ಪ್ಯಾಚ್ ಹಾಕುವುದು ಬೇಡ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಅನ್ನಿ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳನ್ನು ಪೇಂಟರುಗಳು ಪುಟ್ಟಿಯಲ್ಲಿ ಮುಚ್ಚಿಬಿಡುತ್ತಾರೆ, ಒಂದು ತಂತಿ ಹಾಕಿ ಬಿಡಿಸಿಕೊಳ್ಳಿ. ಇನ್ನು ಕನ್ನಡಿ ಹಾಗೆ ಹೊಳೆಯುವ ಪೇಂಟು ನನಗೆ ಇಷ್ಟವಿಲ್ಲ. ಮೇಲ್ಛಾವಣಿಯ ಹಳೇ ಬಣ್ಣ ಗಟ್ಟಿಯಾಗಿತ್ತು, ಹಾಗೇ ಬಿಟ್ಟೆ. ಸ್ವಲ್ಪ ಛಾಯೆ ಬೇರೆ ಕಾಣುತ್ತದೆ. ಕಾಣಲಿ.

ಕಾಗದ ಪತ್ರ. "ಈ ಗಾಡಿ ಗುಜರಿಗೆ ಹೋಗಬೇಕಲ್ವಾ ಸಾರ್?" ಅಂತ ಕೇಳುತ್ತಾರೆ. ವಯಸ್ಸಾಯಿತು ಅಂತ ರಸ್ತೆಯಿಂದಲೇ ತೆಗೆಯುವ ಮಾತು ದೆಹಲಿ ಕಡೆಯದು. ಇಲ್ಲಿ 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದರೆ ಆಯಿತು. ಫೀ ಮಾತ್ರ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ 2022ರ ದರದಂತೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಯದಕ್ಕೆ 3,416. ನಮ್ಮದು 1089. ಆ 89 ಸಿಸಿಗೆ ಪ್ರತಿ ವರ್ಷ ದಂಡ.

2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ಲಾಯಕ್ಕು. ಈಗಾಗಲೇ ನಂಬರ್ ಇರುವ ಗಾಡಿ ಅದನ್ನೇ ಉಳಿಸಿಕೊಳ್ಳಬಹುದು, ಹೊಸದಕ್ಕೆ ವಿಎ ಸರಣಿ. ಆದರೆ ಆಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ ಹೊರಗೆ ತೆಗೆಯಬೇಕು. ಸಂತೆಗೆ ಹೋಗದ ಕಾರು ನನಗೆ ಯಾಕೆ? ಹಾಗಾಗಿ ಮಾಮೂಲಿ ಆರ್‌ಸಿಯಲ್ಲೇ ಇದ್ದೇನೆ. ಶೆಡ್ಡಲ್ಲಿ ನಿಲ್ಲಿಸಿ ನೋಡುವವರಿಗೆ ವಿಂಟೇಜ್ ನೋಂದಣಿ ಸರಿ.

ಯಾರು ಕೊಳ್ಳಬಹುದು? ಹಾಸನ ಪೇಟೆ, ಅರಸೀಕೆರೆ, ಕಡೂರಿನವರು ಧೈರ್ಯವಾಗಿ ಕೊಳ್ಳಿ, ನಿಮ್ಮ ಹವೆಯೇ ಅರ್ಧ ಕೆಲಸ ಮಾಡುತ್ತದೆ. ನಮ್ಮ ಹಾಗೆ ಮಳೆ ಸೀಮೆಯವರು ಫಿಯಟ್‌ಗಿಂತ ಮೊದಲು ಜೀಪಿನ ಬಗ್ಗೆ ಯೋಚಿಸಿ. ಶೆಡ್ ಕಟ್ಟಿಸಿ ಎರಡು ಮಳೆಗಾಲ ಅದರೊಳಗೆ ಒಂದು ಹಳೇ ಕಬ್ಬಿಣದ ಪೆಟ್ಟಿಗೆ ಇಟ್ಟು ನೋಡಿ, ತುಕ್ಕು ಬರದಿದ್ದರೆ ಆಮೇಲೆ ಕಾರು. ತಮಾಷೆಗೆ ಹೇಳುತ್ತಿಲ್ಲ.

ಬೀರೂರಿನ ಹತ್ತಿರ ಒಂದು 1973ರ ಪ್ರೆಸಿಡೆಂಟ್ ಮಾರಾಟಕ್ಕಿದೆ ಅಂತ ಕೇಳಿ ಹೋಗಿ ನೋಡಿ ಬಂದೆ. ಸ್ಟೆಪ್ನಿ ಗುಂಡಿ ಗಟ್ಟಿ, ಗ್ರಿಲ್ಲು ಪೂರ್ತಿ, ಇಂಜಿನ್ ಜಾಮ್. ಒಳ್ಳೇ ಕಾರು. ಹೇಳುತ್ತಿರುವ ಬೆಲೆ ಮಾತ್ರ ಓಡುವ ಕಾರಿನದು, ಅದರಲ್ಲಿ ಇಂಜಿನ್ ಕೆಲಸದ ಖರ್ಚು ಇಳಿಸಿದರೆ ತೆಗೆದುಕೊಳ್ಳಬಹುದು.